ಸಂಘದ ಕಂಪ್ಯೂಟರಿನಲ್ಲಿ ಮನೆ ಯಾವುದು, ಪೇಟೆ ಯಾವುದು?



ಮಳೆಗಾಲ ಮುಗಿಯುತ್ತ ಬಂದ ಹೊತ್ತಿಗೆ ಸುಂಕಸಾಳದ ಕಡೆಯ ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸಿ, ನಡಾವಳಿ ಬರೆದು, ಚಹಾ ಕುಡಿದಾದ ಮೇಲೆ ಎಲ್ಲರೂ ಮೂಲೆಯ ಮೇಜಿನ ಸುತ್ತ ಸೇರಿದರು. ಅಲ್ಲಿ ಒಂದು ಕಂಪ್ಯೂಟರ್ ಇತ್ತು. ಯಾವುದೋ ಕಚೇರಿಯವರು ಹಳೆಯದಾಯಿತೆಂದು ಕೊಟ್ಟದ್ದು. ಲೆಕ್ಕ ಬರೆಯುವ ತಂಗಿ ಒಂದು ಕಿಟಕಿ ತೆರೆದು ಸಂಘದ ಠರಾವಿನ ಫೋಟೋ ತೋರಿಸಿದಳು. ಆಮೇಲೆ ಅದೇ ಕಿಟಕಿಯಲ್ಲಿ ನಮ್ಮ ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಸುದ್ದಿಯನ್ನು ತೋರಿಸಿದಳು. ಎಲ್ಲರಿಗೂ ಖುಷಿ. ಹಿಂದೆ ಗೋಡೆಗೆ ಒರಗಿ ಕೂತಿದ್ದ ಹಿರಿಯ ಸದಸ್ಯೆಯೊಬ್ಬರು ಮಾತ್ರ ಕೇಳಿದರು:

"ಅಕ್ಕೋರೆ, ನಮ್ಮ ಪುಸ್ತಕ ಇದ್ದಲ್ಲೇ ಊರ ಸುದ್ದಿನೂ ಬಂತಲ್ಲ. ಹಂಗಾದ್ರೆ ಊರವ್ರಿಗೂ ನಮ್ಮ ಪುಸ್ತಕ ಕಾಣ್ತದಾ?"

ಕೆಲವರು ನಕ್ಕರು. ಆದರೆ ಇದು ನಕ್ಕು ಬಿಡುವ ಪ್ರಶ್ನೆ ಅಲ್ಲ. ಸಾಲ ಯಾರು ತೆಗೆದಿದ್ದಾರೆ, ಯಾರ ಕಂತು ತಪ್ಪಿದೆ, ಯಾರ ಆಧಾರ್ ನಂಬರ್ ಎಷ್ಟು, ಎಲ್ಲವೂ ಆ ಪುಸ್ತಕದಲ್ಲಿ ಇರುತ್ತದೆ. ಅಂದು ಬಸ್ಸಿನ ಹೊತ್ತಾಗಿತ್ತು, ಎರಡು ಮಾತಿನಲ್ಲಿ ಏನೋ ಹೇಳಿ ಬಂದೆ. ಸರಿಯಾಗಿ ಹೇಳಲಿಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ. ನಿಮ್ಮ ಸಂಘದಲ್ಲಿ ಓದು ಬಲ್ಲವರು ಉಳಿದವರಿಗೆ ಓದಿ ಹೇಳಿ.

ಮೊದಲು ನೇರ ಉತ್ತರ. ಇಲ್ಲ, ಕಾಣುವುದಿಲ್ಲ. ಅಂತರ್ಜಾಲದ ಪುಟ ಹೊರಗಿನಿಂದ ನಿಮ್ಮ ಕಿಟಕಿಗೆ ಬರುತ್ತದೆ, ಅಷ್ಟೆ. ನಿಮ್ಮ ಫೈಲು ತಾನಾಗಿ ಎದ್ದು ಹೊರಗೆ ಹೋಗುವುದಿಲ್ಲ. ನೀವು ಕಳಿಸಿದರೆ ಮಾತ್ರ ಹೋಗುತ್ತದೆ. ಆದರೆ ಮನೆಯೂ ಪೇಟೆಯೂ ಒಂದೇ ಕಿಟಕಿಯಲ್ಲಿ ಕಂಡಾಗ ಮನುಷ್ಯರಿಗೆ ಗಲಿಬಿಲಿ ಆಗುತ್ತದೆ. ಪೇಟೆಯ ವಸ್ತುವನ್ನು ಮನೆಯದು ಎಂದುಕೊಳ್ಳುತ್ತೇವೆ, ಮನೆಯಲ್ಲಿ ಇಡಬೇಕಾದ್ದನ್ನು ಪೇಟೆಯಲ್ಲಿ ಬಿಟ್ಟು ಬರುತ್ತೇವೆ. ಹಾಗಾಗದಂತೆ ಆ ಕಿಟಕಿಯನ್ನು ಮೊದಲೇ ಸಜ್ಜು ಮಾಡಿ ಇಟ್ಟುಕೊಳ್ಳಬಹುದು. ಅದು ಹೇಗೆ ಎಂದು ಹೇಳುವುದಕ್ಕೇ ಈ ಬರಹ.

ಈ ಕಿಟಕಿಯ ಹೆಸರು ಕಾಂಕರರ್

ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11 ಅನೇಕ ಹಳೆಯ ಯಂತ್ರಗಳಲ್ಲಿ ಕೂರುವುದಿಲ್ಲ. ಆದ್ದರಿಂದ ಕೆಲಸಕ್ಕೆ ಬರುವ ಎಷ್ಟೋ ಕಂಪ್ಯೂಟರುಗಳನ್ನು ಬದಿಗೆ ಸರಿಸಿದ್ದಾರೆ. ಅಂಥವುಗಳಲ್ಲಿ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿದರೆ ಇನ್ನೂ ಹಲವು ವರ್ಷ ಓಡುತ್ತವೆ. ಆ ಸಂಘದ ಕಂಪ್ಯೂಟರಿಗೂ ಒಬ್ಬ ಹುಡುಗ ಹಾಗೆ ಮಾಡಿಕೊಟ್ಟಿದ್ದ. ಲಿನಕ್ಸಿನ ಮೇಲೆ ಪರದೆ, ಮೆನು, ಕಿಟಕಿಗಳನ್ನು ಒದಗಿಸುವ ತಂತ್ರಾಂಶಗಳಲ್ಲಿ ಕೆಡಿಇ ಎಂಬುದು ಒಂದು. ಜರ್ಮನಿಯ ಮಥಿಯಾಸ್ ಎಟ್ರಿಚ್ ಎಂಬ ವಿದ್ಯಾರ್ಥಿ 1996ರಲ್ಲಿ ಅದನ್ನು ಶುರುಮಾಡಿದರು. 2000ದ ಅಕ್ಟೋಬರಿನಲ್ಲಿ ಕೆಡಿಇಯ ಎರಡನೇ ಆವೃತ್ತಿ ಬಂದಾಗ ಅದರ ಜೊತೆಗೆ ಕಾಂಕರರ್ ಬಂತು.

ಕಾಂಕರರ್ ಒಂದೇ ಸಲಕ್ಕೆ ಎರಡು ಕೆಲಸ ಮಾಡುತ್ತದೆ. ಕಂಪ್ಯೂಟರಿನ ಒಳಗಿನ ಫೋಲ್ಡರುಗಳನ್ನು ತೆರೆದು ತೋರಿಸುವ ಫೈಲ್ ಮ್ಯಾನೇಜರ್ ಅದೇ, ಅಂತರ್ಜಾಲದ ಪುಟ ತೋರಿಸುವ ಬ್ರೌಸರ್ ಕೂಡ ಅದೇ. ಹೆಸರಿನಲ್ಲಿ ಒಂದು ತಮಾಷೆ ಇದೆ. ಆ ಕಾಲದ ದೊಡ್ಡ ಬ್ರೌಸರುಗಳ ಹೆಸರು ನ್ಯಾವಿಗೇಟರ್, ಎಕ್ಸ್‌ಪ್ಲೋರರ್ ಎಂದಿತ್ತು. ಮೊದಲು ಹಡಗು ನಡೆಸುವವನು ಬಂದ, ಆಮೇಲೆ ನೆಲ ಹುಡುಕುವವನು ಬಂದ, ಕೊನೆಗೆ ಗೆಲ್ಲುವವನು ಬಂದ ಎಂದು ಈ ಹೆಸರು. ಗೆದ್ದಿತೋ ಇಲ್ಲವೋ ಅದು ಬೇರೆ ಮಾತು. ಆದರೆ ಒಂದು ಸಂಗತಿ ಕೇಳಿ. ಕಾಂಕರರಿನೊಳಗೆ ಪುಟ ಬಿಡಿಸಿ ತೋರಿಸುತ್ತಿದ್ದ ಕೆಎಚ್‌ಟಿಎಂಎಲ್ ಎಂಬ ಭಾಗವನ್ನು ತೆಗೆದುಕೊಂಡೇ ಆಪಲ್ ಕಂಪನಿಯವರು ತಮ್ಮ ಸಫಾರಿ ಬ್ರೌಸರನ್ನು ಕಟ್ಟಿ 2003ರಲ್ಲಿ ಹೊರತಂದರು. 2008ರಲ್ಲಿ ಬಂದ ಗೂಗಲ್ ಕ್ರೋಮ್ ಕೂಡ ಆ ಬಳ್ಳಿಯದೇ ಕಾಯಿ. ನಿಮ್ಮ ಮೊಬೈಲಿನಲ್ಲಿ ಕ್ರೋಮ್ ಇದ್ದರೆ ಅದು ಕಾಂಕರರಿನ ಮೊಮ್ಮಗಳು ಎನ್ನಬಹುದು. ಈಗ ಅಜ್ಜಿಯೇ ಮೊಮ್ಮಗಳ ಕೈ ಹಿಡಿದು ನಡೆಯುತ್ತಿದ್ದಾಳೆ. ಇಂದಿನ ಕಾಂಕರರ್ ಪುಟ ತೋರಿಸಲು ಬಳಸುವುದು ಕ್ರೋಮಿನ ಮೂಲದಿಂದ ಬಂದ ಭಾಗವನ್ನೇ.

2008ರಲ್ಲಿ ಕೆಡಿಇಯ ನಾಲ್ಕನೇ ಆವೃತ್ತಿ ಬಂದಾಗ ಫೈಲ್ ನೋಡುವುದಕ್ಕೆ ಡಾಲ್ಫಿನ್ ಎಂಬ ಬೇರೆ ಕಿಟಕಿಯನ್ನು ಮುಂದೆ ಇಟ್ಟರು. ಎರಡು ಕೆಲಸ ಒಂದರಲ್ಲೇ ಇದ್ದರೆ ಜನರಿಗೆ ಗೊಂದಲ ಎಂಬ ಮಾತು ಅಲ್ಲಿಯೂ ಇತ್ತು. ನಮ್ಮ ಅಜ್ಜಿಯ ಪ್ರಶ್ನೆ ಅದೇ ಅಲ್ಲವೇ? ಆದರೂ ಕಾಂಕರರನ್ನು ತೆಗೆದು ಹಾಕಲಿಲ್ಲ. ಬೇಕಾದವರು ಇಂದಿಗೂ ಹಾಕಿಕೊಳ್ಳಬಹುದು.

ಹೊಸ್ತಿಲು ಎಲ್ಲಿದೆ?

ಮನೆಗೆ ಹೊಸ್ತಿಲು ಇರುವ ಹಾಗೆ ಈ ಕಿಟಕಿಗೂ ಒಂದು ಹೊಸ್ತಿಲು ಇದೆ. ಮೇಲ್ಭಾಗದಲ್ಲಿ ಉದ್ದಕ್ಕೆ ಒಂದು ಪಟ್ಟಿ ಕಾಣುತ್ತದಲ್ಲ, ವಿಳಾಸ ಬರುವ ಪಟ್ಟಿ, ಅದೇ. ಆ ಪಟ್ಟಿಯಲ್ಲಿ 'ಫೈಲ್' ಎಂದು ಶುರುವಾಗಿದ್ದರೆ, ಅಥವಾ ಒಂದು ಓರೆಗೆರೆ ಬಂದು 'ಹೋಮ್' ಎಂದು ಇದ್ದರೆ, ನೀವು ಮನೆಯೊಳಗೆ ಇದ್ದೀರಿ. ಅಲ್ಲಿ ಕಾಣುವುದು ಈ ಯಂತ್ರದಲ್ಲಿರುವ ನಿಮ್ಮದೇ ಫೈಲು. 'ಎಚ್‌ಟಿಟಿಪಿಎಸ್' ಎಂದು ಶುರುವಾಗಿದ್ದರೆ ಪೇಟೆಗೆ ಬಂದಿದ್ದೀರಿ ಎಂದು ತಿಳಿಯಿರಿ. ಓದಲು ಬಾರದವರೂ ಇದನ್ನು ಆಕಾರದಿಂದ ಗುರುತು ಹಿಡಿಯಬಹುದು. ಎರಡೂ ಶುರುವಾತುಗಳನ್ನು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು, ಒಂದರ ಪಕ್ಕ ಮನೆಯ ಚಿತ್ರ, ಇನ್ನೊಂದರ ಪಕ್ಕ ಬಸ್ಸಿನ ಚಿತ್ರ ಬಿಡಿಸಿ ಕಂಪ್ಯೂಟರಿನ ಪಕ್ಕ ಅಂಟಿಸಿ. ನಾನು ತರಬೇತಿಯಲ್ಲಿ ಹೀಗೆ ಮಾಡಿ ನೋಡಿದ್ದೇನೆ, ಬೇಗ ಹಿಡಿತ ಸಿಗುತ್ತದೆ.

ಇನ್ನು ಸಜ್ಜು ಮಾಡುವ ಕೆಲಸ. ಮೆನುವಿನಲ್ಲಿ 'ಸೆಟ್ಟಿಂಗ್ಸ್' ಒತ್ತಿ, ಕೆಳಗೆ 'ಕಾನ್ಫಿಗರ್ ಕಾಂಕರರ್' ಎಂಬುದನ್ನು ತೆರೆಯಿರಿ. ಎಡಬದಿಗೆ ಒಂದು ಸಾಲು ಬರುತ್ತದೆ, ಅದರಲ್ಲಿ ಫೈಲಿನ ವಿಷಯ ಬೇರೆ, ವೆಬ್ಬಿನ ವಿಷಯ ಬೇರೆ ಇರುತ್ತದೆ. ಆವೃತ್ತಿಯಿಂದ ಆವೃತ್ತಿಗೆ ಹೆಸರು, ಜಾಗ ಸ್ವಲ್ಪ ಬದಲಾಗಬಹುದು, ಗಾಬರಿ ಬೇಡ.

ಮೊದಲು 'ಜನರಲ್' ಎಂಬಲ್ಲಿ ಹೋಮ್ ಪೇಜ್ ಏನೆಂದು ಕೇಳುವ ಜಾಗ ಇದೆ. ಅನೇಕರು ಅಲ್ಲಿ ಗೂಗಲ್ ಹಾಕುತ್ತಾರೆ. ನೀವು ಹಾಗೆ ಮಾಡ್ಬೇಡಿ. ನಿಮ್ಮ ಸಂಘದ ಫೋಲ್ಡರಿನ ವಿಳಾಸವನ್ನೇ ಹಾಕಿ, ಕಿಟಕಿ ತೆರೆದಾಗಲೂ ಅದೇ ಬರಲಿ ಎಂದು ಆರಿಸಿ. ಆಗ ಕಿಟಕಿ ತೆರೆದ ಕೂಡಲೇ ನೀವು ಮನೆಯಲ್ಲೇ ಇರುತ್ತೀರಿ. ಪೇಟೆಯಲ್ಲಿ ದಾರಿ ತಪ್ಪಿದರೂ ಮೇಲಿನ ಮನೆಯ ಚಿತ್ರ ಒಂದು ಸಲ ಒತ್ತಿದರೆ ಮರಳಿ ಸಂಘದ ಫೋಲ್ಡರಿಗೆ ಬರುತ್ತೀರಿ. ಹೊಸಬರಿಗೆ ಇದರಿಂದ ಎಷ್ಟು ಧೈರ್ಯ ಬರುತ್ತದೆ ಎಂದು ನೋಡಿಯೇ ತಿಳಿಯಬೇಕು.

ಇನ್ನೊಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಕಾಂಕರರ್ ಪಿಡಿಎಫ್ ಆಗಲಿ ಚಿತ್ರವಾಗಲಿ ಬೇರೆ ಕಿಟಕಿ ತೆರೆಯದೆ ತನ್ನ ಹೊಟ್ಟೆಯೊಳಗೇ ತೆರೆದು ತೋರಿಸಬಲ್ಲದು. ನಿಮ್ಮ ಫೋಲ್ಡರಿನ ಪಿಡಿಎಫ್ ಹೇಗೆ ಕಾಣುತ್ತದೋ ಸರಕಾರದ ವೆಬ್‌ಸೈಟಿನ ಪಿಡಿಎಫ್ ಕೂಡ ಹಾಗೇ ಕಾಣುತ್ತದೆ. ಒಬ್ಬ ಸದಸ್ಯೆ ಹೀಗೆ ಒಂದು ಯೋಜನೆಯ ಸುತ್ತೋಲೆ ತೆರೆದು ಪೂರ್ತಿ ಓದಿದರು. ಕಂಪ್ಯೂಟರಿನಲ್ಲಿ ಕಂಡಿತಲ್ಲ, ಅಂದ ಮೇಲೆ ಅದು ನಮ್ಮ ಹತ್ತಿರ ಉಂಟು ಎಂದು ನೆಮ್ಮದಿಯಿಂದ ಬಂದ್ ಮಾಡಿದರು. ಮಾರನೇ ದಿನ ಸಭೆಯಲ್ಲಿ ತೋರಿಸಬೇಕು, ಆದರೆ ಮಳೆಗೆ ನೆಟ್‌ವರ್ಕ್ ಹೋಗಿತ್ತು. ಸುತ್ತೋಲೆ ಎಲ್ಲಿದೆ? ಎಲ್ಲೂ ಇಲ್ಲ. ಅವರು ಓದಿದ್ದು ಪೇಟೆಯ ಗೋಡೆಗೆ ಅಂಟಿಸಿದ ಕಾಗದ, ಮನೆಗೆ ತಂದಿರಲಿಲ್ಲ. ಮನೆಗೆ ತರಬೇಕಾದರೆ 'ಸೇವ್ ಆ್ಯಸ್' ಎಂದು ಒತ್ತಿ, ಯಾವ ಫೋಲ್ಡರಿನಲ್ಲಿ ಇಡಬೇಕೆಂದು ತೋರಿಸಿ, ಹೆಸರು ಕೊಟ್ಟು ಉಳಿಸಬೇಕು. ಉಳಿಸಿದ ಮೇಲೆ ಒಮ್ಮೆ ಮನೆಯ ಚಿತ್ರ ಒತ್ತಿ ಬಂದು ಫೈಲು ನಿಜವಾಗಿಯೂ ಅಲ್ಲಿ ಕೂತಿದೆಯೇ ಎಂದು ನೋಡಿ.

ಈ ಗೊಂದಲವನ್ನೇ ತಪ್ಪಿಸಬೇಕು ಎಂದಿದ್ದರೆ ಅದಕ್ಕೂ ದಾರಿ ಇದೆ. ಕೆಡಿಇಯ ಸೆಟ್ಟಿಂಗಿನಲ್ಲಿ 'ಫೈಲ್ ಅಸೋಸಿಯೇಷನ್ಸ್' ಎಂಬ ಪುಟ ಇದೆ. ಯಾವ ಜಾತಿಯ ಫೈಲನ್ನು ಯಾವುದರಲ್ಲಿ ತೆರೆಯಬೇಕು ಎಂದು ಅಲ್ಲಿ ಹೇಳಬಹುದು. ಪಿಡಿಎಫ್ ಮತ್ತು ಚಿತ್ರಗಳನ್ನು ಕಿಟಕಿಯ ಒಳಗೇ ತೋರಿಸಬೇಡ, ಬೇರೆ ಕಿಟಕಿಯಲ್ಲಿ ತೆರೆ ಎಂದು ಆರಿಸಿಬಿಟ್ಟರೆ ಸಂಘದ ಫೋಲ್ಡರಿನ ಫೈಲುಗಳು ಬೇರೆ ಕಿಟಕಿಯಲ್ಲೇ ತೆರೆಯುತ್ತವೆ. ಸಂಘಗಳಿಗೆ ಇದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಕಂಪ್ಯೂಟರ್ ಬಲ್ಲ ಹುಡುಗರು "ಸಿಸ್ಟರ್, ಒಂದರಲ್ಲೇ ಬರೋದೇ ಇದರ ಚಂದ" ಎನ್ನುತ್ತಾರೆ. ಚಂದ ಅವರಿಗೆ ಇರಲಿ.

ಒಂದು ಸಲ ಒತ್ತುವುದು, ಎರಡು ಸಲ ಒತ್ತುವುದು, ಇದರ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಡಿಇಯ ಹಳೆಯ ಆವೃತ್ತಿಗಳಲ್ಲಿ ಫೈಲಿನ ಮೇಲೆ ಒಮ್ಮೆ ಒತ್ತಿದರೆ ಸಾಕು, ತೆರೆದುಕೊಳ್ಳುತ್ತಿತ್ತು. ವಿಂಡೋಸಿನಲ್ಲಿ ಕಲಿತವರ ಬೆರಳು ಎರಡು ಸಲ ಒತ್ತುತ್ತದೆ. ಫೈಲು ಎರಡೆರಡು ಸಲ ತೆರೆದು ಯಂತ್ರ ಜಾಮ್ ಆಗುತ್ತಿತ್ತು. 2024ರ ಫೆಬ್ರವರಿಯಲ್ಲಿ ಬಂದ ಆರನೇ ಆವೃತ್ತಿಯಿಂದ ಎರಡು ಸಲ ಒತ್ತುವುದನ್ನೇ ರೂಢಿಯಾಗಿ ಇಟ್ಟಿದ್ದಾರೆ. ಎರಡರಲ್ಲಿ ಯಾವುದು ಬೇಕೋ ಸೆಟ್ಟಿಂಗಿನಲ್ಲಿ ಬದಲಿಸಬಹುದು. ಸಂಘದವರೆಲ್ಲ ಕೂತು ಒಂದನ್ನು ತೀರ್ಮಾನಿಸಿ, ಆಮೇಲೆ ಬದಲಾಯಿಸಬೇಡಿ.

ಕಿಟಕಿಯನ್ನು ಎರಡು ಪಾಲು ಮಾಡುವುದು

ಕಾಂಕರರಿನಲ್ಲಿ ನನಗೆ ಅತಿ ಇಷ್ಟವಾದದ್ದು ಇದು. 'ವಿಂಡೋ' ಎಂಬ ಮೆನುವಿನಲ್ಲಿ 'ಸ್ಪ್ಲಿಟ್ ವ್ಯೂ' ಎಂದಿದೆ. ಅದನ್ನು ಒತ್ತಿದರೆ ಒಂದು ಕಿಟಕಿ ಎಡ-ಬಲ ಎಂದು ಎರಡು ಪಾಲಾಗುತ್ತದೆ. ಎಡಕ್ಕೆ ಸಂಘದ ಫೋಲ್ಡರ್ ಇಡಿ, ಬಲಕ್ಕೆ ಪೆನ್‌ಡ್ರೈವ್ ತೆರೆಯಿರಿ. ಎರಡೂ ಕಣ್ಣೆದುರಿಗೆ ಇರುತ್ತವೆ. ಎಡದಿಂದ ಬಲಕ್ಕೆ ಎಳೆದು ಬಿಟ್ಟರೆ ನಕಲು ಆಯಿತು. ಎಡಬದಿಯಲ್ಲಿ ಇಷ್ಟು ಫೈಲು, ಬಲಬದಿಯಲ್ಲಿ ಇಷ್ಟು ಫೈಲು, ಲೆಕ್ಕ ಸರಿ ಬಂತೋ ಇಲ್ಲವೋ ಎಂದು ಅಲ್ಲೇ ತಾಳೆ ನೋಡಬಹುದು. (ಡಾಲ್ಫಿನ್ ಬಳಸುವವರು ಎಫ್3 ಒತ್ತಿದರೆ ಅಲ್ಲಿಯೂ ಹೀಗೇ ಪಾಲಾಗುತ್ತದೆ.)

ಇದು ಯಾಕೆ ಬೇಕು ಎಂದು ಗಂಗಾವಳಿ ದಂಡೆಯವರಿಗೆ ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ನದಿ ಉಕ್ಕಿ ಮನೆಗಳಿಗೆ ನುಗ್ಗಿತು, 2021ರ ಜುಲೈನಲ್ಲಿ ಮತ್ತೆ ಬಂತು. ಅಕ್ಕಿ, ಬಟ್ಟೆ ಹೋದದ್ದು ಕಣ್ಣಿಗೆ ಕಂಡಿತು. ಪಾಸ್‌ಬುಕ್ಕು, ಸಾಲದ ಪುಸ್ತಕ ನೀರಿನಲ್ಲಿ ನೆನೆದು ಹಿಟ್ಟಾದರೆ ಅದರ ನಷ್ಟ ನಂತರ ತಿಂಗಳುಗಟ್ಟಲೆ ಗೊತ್ತಾಗುತ್ತದೆ. ಯಾರು ಎಷ್ಟು ಕಟ್ಟಿದ್ದರು ಎಂಬ ಮಾತಿಗೆ ಸಾಕ್ಷಿ ಇಲ್ಲದಿದ್ದರೆ ಹತ್ತು ವರ್ಷದ ಗೆಳತಿಯರೂ ಮುಖ ತಿರುಗಿಸುತ್ತಾರೆ. ಅದಕ್ಕೇ ಪುಸ್ತಕದ ಪ್ರತಿ ಹಾಳೆಯ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಇಡಿ ಎಂದು ನಾವು ಹೇಳುತ್ತಿರುವುದು. ಪೆನ್‌ಡ್ರೈವ್ ಮಾತ್ರ ಅದೇ ಮೇಜಿನ ಖಾನೆಯಲ್ಲಿ ಇಡಬೇಡಿ. ಎತ್ತರದ ಜಾಗದಲ್ಲಿ ಮನೆ ಇರುವ ಸದಸ್ಯೆಯ ಹತ್ತಿರ ಇರಲಿ. ಕಾಗದದ ಪುಸ್ತಕ ನಿಲ್ಲಿಸಬೇಡಿ. ಸಹಿ, ಹೆಬ್ಬೆಟ್ಟು ಇರುವುದು ಅದರಲ್ಲೇ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಎಡದಿಂದ ಬಲಕ್ಕೆ ಎಳೆದು ಬಿಟ್ಟಾಗ ಒಂದು ಚಿಕ್ಕ ಪಟ್ಟಿ ತೆರೆದು ಕೇಳುತ್ತದೆ: 'ಮೂವ್ ಹಿಯರ್', 'ಕಾಪಿ ಹಿಯರ್', 'ಲಿಂಕ್ ಹಿಯರ್' ಎಂದು. ಕಾಪಿ ಎಂದರೆ ಇಲ್ಲಿಯೂ ಇರುತ್ತದೆ, ಅಲ್ಲಿಯೂ ಇರುತ್ತದೆ. ಮೂವ್ ಎಂದರೆ ಇಲ್ಲಿಂದ ಎದ್ದು ಅಲ್ಲಿಗೆ ಹೋಗಿಬಿಡುತ್ತದೆ. ಲಿಂಕ್ ಎಂದರೆ ಫೈಲು ಹೋಗುವುದೇ ಇಲ್ಲ, ಅದು ಎಲ್ಲಿದೆ ಎಂಬ ಬೋರ್ಡು ಮಾತ್ರ ಹೋಗುತ್ತದೆ. ಒಮ್ಮೆ ಒಂದು ಸಂಘದ ಮೂರು ತಿಂಗಳ ಲೆಕ್ಕದ ಫೋಟೋಗಳನ್ನು ನಾನೇ ಮುಂದೆ ಕೂತು ಪೆನ್‌ಡ್ರೈವಿಗೆ ಎಳೆದೆ. ಮಾತನಾಡುತ್ತ ಮೊದಲನೆಯದನ್ನೇ ಒತ್ತಿದೆ. ಎರಡು ಕಡೆ ಭದ್ರವಾಗಿದೆ ಎಂದು ಎಲ್ಲರಿಗೂ ಹೇಳಿಯೂ ಹೇಳಿದೆ. ಆ ಪೆನ್‌ಡ್ರೈವ್ ನನ್ನ ಚೀಲದಲ್ಲಿತ್ತು, ಚೀಲ ಮಳೆಯಲ್ಲಿ ನೆನೆಯಿತು, ಪೆನ್‌ಡ್ರೈವ್ ಮತ್ತೆ ತೆರೆಯಲೇ ಇಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಫೋಲ್ಡರ್ ಖಾಲಿ. ಪುಣ್ಯಕ್ಕೆ ಕಾಗದದ ಪುಸ್ತಕ ಇತ್ತು. ಲೆಕ್ಕ ಬರೆಯುವ ತಂಗಿ ಒಂದಿಡೀ ಮಧ್ಯಾಹ್ನ ಕೂತು ಮತ್ತೆ ಎಲ್ಲ ಹಾಳೆಗಳ ಫೋಟೋ ತೆಗೆದಳು, ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ನಾನು ಎಳೆದು ಬಿಟ್ಟ ಮೇಲೆ ಬಾಯಿ ಮುಚ್ಚಿ, ಪಟ್ಟಿ ಓದಿ, 'ಕಾಪಿ' ಒತ್ತಿ, ಎರಡೂ ಪಾಲಿನಲ್ಲಿ ಫೈಲು ಇದೆಯೇ ಎಂದು ನೋಡಿಯೇ ಮುಂದಿನ ಮಾತು ಆಡುತ್ತೇನೆ. ಪೆನ್‌ಡ್ರೈವ್ ತೆಗೆಯುವ ಮುಂಚೆ 'ಸೇಫ್ಲಿ ರಿಮೂವ್' ಮಾಡುವುದನ್ನೂ ಮರೆಯಬೇಡಿ. ನಕಲು ಮುಗಿದಂತೆ ಕಂಡರೂ ಒಳಗೆ ಬರೆಯುವ ಕೆಲಸ ಇನ್ನೂ ನಡೆಯುತ್ತಿರಬಹುದು.

ಅಳಿಸುವ ವಿಷಯಕ್ಕೂ ಒಂದು ಸಜ್ಜು ಇದೆ. ಸೆಟ್ಟಿಂಗಿನಲ್ಲಿ ಫೈಲಿನ ಭಾಗಕ್ಕೆ ಹೋದರೆ, ಕಸದ ಬುಟ್ಟಿಗೆ ಹಾಕುವಾಗ, ಪೂರ್ತಿ ಅಳಿಸುವಾಗ, ಬುಟ್ಟಿ ಖಾಲಿ ಮಾಡುವಾಗ ನನ್ನನ್ನು ಕೇಳು ಎಂದು ಗುರುತು ಹಾಕುವ ಚೌಕಗಳು ಇವೆ. ಎಲ್ಲದಕ್ಕೂ ಗುರುತು ಹಾಕಿ. ಡಿಲೀಟ್ ಕೀಲಿ ಒತ್ತಿದರೆ ಫೈಲು ಬುಟ್ಟಿಗೆ ಹೋಗುತ್ತದೆ, ಮರಳಿ ತೆಗೆಯಬಹುದು. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ನೇರ ಹೋಯಿತು. ಇಷ್ಟು ದಿನ ಕಳೆದ ಮೇಲೆ ಬುಟ್ಟಿಯಲ್ಲಿದ್ದದ್ದನ್ನು ತಾನೇ ಅಳಿಸು ಎಂಬ ಆಯ್ಕೆಯೂ ಒಂದಿದೆ, ಅದು ಬೇಡ. ಪೆನ್‌ಡ್ರೈವಿನ ಫೈಲು ಅಳಿಸಿದರೂ ಜಾಗ ಖಾಲಿ ಆಗಲಿಲ್ಲ ಎಂದು ಕೆಲವರು ಕೇಳುತ್ತಾರೆ. ಪೆನ್‌ಡ್ರೈವಿನೊಳಗೇ ಕಣ್ಣಿಗೆ ಕಾಣದ ಒಂದು ಬುಟ್ಟಿ ಇರುತ್ತದೆ. ಕಂಪ್ಯೂಟರಿನ ಕಸದ ಬುಟ್ಟಿ ಖಾಲಿ ಮಾಡಿದಾಗಲೇ ಅದೂ ಖಾಲಿ.

ಪೇಟೆಯಲ್ಲಿ ಇರುವಾಗ

ಸಂಘದ ಕಂಪ್ಯೂಟರ್ ಒಬ್ಬರದಲ್ಲ. ಬೆಳಿಗ್ಗೆ ಸಂಘದವರು, ಸಂಜೆ ಶಾಲೆ ಮಕ್ಕಳು. ಆದ್ದರಿಂದ ಲಿನಕ್ಸಿನಲ್ಲಿ ಎರಡು ಖಾತೆ ಮಾಡಿಸಿ. ಸಂಘದ ಕೆಲಸಕ್ಕೆ ಪಾಸ್‌ವರ್ಡ್ ಇರುವ ಒಂದು ಖಾತೆ, ಉಳಿದವರಿಗೆ ಇನ್ನೊಂದು. ಒಬ್ಬರ ಹೋಮ್ ಫೋಲ್ಡರಿಗೆ ಇನ್ನೊಬ್ಬರು ಕೈ ಹಾಕದಂತೆ ಮಾಡಿಕೊಡಿ ಎಂದು ಮಾಡಿಸಿಕೊಡುವ ಹುಡುಗನಿಗೆ ಹೇಳಿ, ಅವನಿಗೆ ಗೊತ್ತಿರುತ್ತದೆ.

ಯಾವುದಾದರೂ ಸೈಟಿಗೆ ಪಾಸ್‌ವರ್ಡ್ ಹಾಕಿದಾಗ ನೆನಪಿಟ್ಟುಕೊಳ್ಳಲೇ ಎಂದು ಕಾಂಕರರ್ ಕೇಳುತ್ತದೆ. ಕೆಡಿಇಯಲ್ಲಿ ಅದನ್ನು ಇಡುವ ಜಾಗಕ್ಕೆ ವಾಲೆಟ್ ಎನ್ನುತ್ತಾರೆ. ಸ್ವಂತ ಕಂಪ್ಯೂಟರಿಗೆ ಅದು ಅನುಕೂಲ. ಸಂಘದ ಕಂಪ್ಯೂಟರಿನಲ್ಲಿ ಬೇಡ ಎಂದೇ ಒತ್ತಿ. ಕುಕಿ ಎಂದು ಇನ್ನೊಂದು ಇದೆ. ಅಂಗಡಿಯವನು ನಿಮ್ಮ ಚೀಲದಲ್ಲಿ ಒಂದು ಚೀಟಿ ಹಾಕಿ ಕಳಿಸಿ, ಮುಂದಿನ ಸಲ ಚೀಟಿ ನೋಡಿ "ಓ, ನೀವಾ" ಎಂದು ಗುರುತು ಹಿಡಿದ ಹಾಗೆ. ವೆಬ್ಬಿನ ಸೆಟ್ಟಿಂಗಿನಲ್ಲಿ ಈ ಚೀಟಿಗಳನ್ನು ಆ ಹೊತ್ತಿಗೆ ಮಾತ್ರ ಇಟ್ಟುಕೊ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಕೆಲಸ ಮುಗಿಸಿ ಕಾಂಕರರ್ ಪೂರ್ತಿ ಬಂದ್ ಮಾಡಿದಾಗ ಚೀಟಿಗಳೂ ಹೋಗುತ್ತವೆ, ಮುಂದೆ ಬಂದು ಕೂತವರಿಗೆ ನಿಮ್ಮ ಖಾತೆ ತೆರೆದು ಸಿಗುವುದಿಲ್ಲ. ಹಾಗಿದ್ದರೂ 'ಲಾಗ್‌ಔಟ್' ಒತ್ತಿಯೇ ಏಳಿ.

ವಿಳಾಸದ ಪಟ್ಟಿಯ ಬಗ್ಗೆ ಇನ್ನೂ ಒಂದು ಮಾತು ಬಾಕಿ ಇದೆ. ಪೇಟೆಯಲ್ಲಿದ್ದೀರಿ ಎಂದು ಗೊತ್ತಾಯಿತು, ಆದರೆ ಯಾರ ಅಂಗಡಿಯಲ್ಲಿ ಇದ್ದೀರಿ? ಎಚ್‌ಟಿಟಿಪಿಎಸ್ ಆದ ಮೇಲೆ ಬರುವ ಹೆಸರನ್ನು ಮೊದಲ ಒಂಟಿ ಓರೆಗೆರೆಯವರೆಗೆ ಓದಿ, ಅದರ ಬಾಲ ನೋಡಿ. ಪತ್ರದ ವಿಳಾಸದಲ್ಲಿ ಮೇಲೆ ಏನೇ ಬರೆದಿರಲಿ, ಕೊನೆಯ ಸಾಲಿನ ಊರಿಗೇ ಪತ್ರ ಹೋಗುವುದು, ಹಾಗೆ. ರಾಜ್ಯ ಸರಕಾರದ್ದಾದರೆ ಬಾಲ 'ಕರ್ನಾಟಕ ಡಾಟ್ ಜಿಒವಿ ಡಾಟ್ ಐಎನ್' ಎಂದಿರುತ್ತದೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಐಎನ್' ಎಂಬ ಬಾಲಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕು ಆದೇಶ ಕೊಟ್ಟಿತ್ತು. ಗೃಹಲಕ್ಷ್ಮಿ, ಕರ್ನಾಟಕ, ಜಿಒವಿ ಎಂದು ಮುಂದೆ ಎಲ್ಲವನ್ನೂ ತುರುಕಿ, ಬಾಲದಲ್ಲಿ ಮಾತ್ರ ಬೇರೇನೋ ಇದ್ದರೆ ಅದು ಸರಕಾರದ್ದಲ್ಲ. ಬೀಗದ ಚಿತ್ರ ಇದೆ ಎಂದು ನಂಬಬೇಡಿ. ದಾರಿಯಲ್ಲಿ ಯಾರೂ ಕದ್ದು ನೋಡುವುದಿಲ್ಲ ಎಂದಷ್ಟೇ ಬೀಗದ ಅರ್ಥ, ಅಂಗಡಿಯವನು ಒಳ್ಳೆಯವನು ಎಂದಲ್ಲ. ಸರಿಯಾದ ವಿಳಾಸ ಒಮ್ಮೆ ಖಚಿತ ಮಾಡಿಕೊಂಡು ಬುಕ್‌ಮಾರ್ಕ್ ಹಾಕಿಡಿ, ಮುಂದೆ ಅಲ್ಲಿಂದಲೇ ಹೋಗಿ. ವಾಟ್ಸ್ಆ್ಯಪಿನಲ್ಲಿ ಬಂದ ಲಿಂಕು ಒತ್ತಿ ಹೋಗಬೇಡಿ. ಹಣ ಹೋಯಿತು ಎಂದಾದರೆ ತಡ ಮಾಡದೆ, ನಾಚಿಕೆಪಡದೆ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಸಣ್ಣ ಸಂಗತಿ. ಈ ಪಟ್ಟಿಯಲ್ಲಿ ಫೋಲ್ಡರಿನ ದಾರಿಯನ್ನೂ ಬರೆಯಬಹುದು, ಸೈಟಿನ ಹೆಸರನ್ನೂ ಬರೆಯಬಹುದು. ಅರ್ಧಂಬರ್ಧ ಬರೆದರೆ ಅದು ಹುಡುಕಲು ಹೊರಗೆ ಹೋಗುವುದುಂಟು. ಸದಸ್ಯೆಯ ಹೆಸರೋ ನಂಬರೋ ಇರುವ ಫೈಲನ್ನು ಹುಡುಕುವಾಗ ಅಲ್ಲಿ ಬರೆಯುವುದು ಬೇಡ, ಫೋಲ್ಡರ್ ಒತ್ತಿ ಒತ್ತಿ ಹೋಗಿ. ಫೈಲಿಗೆ ಹೆಸರು ಇಡುವಾಗ ವರ್ಷ, ತಿಂಗಳು ಮೊದಲು ಬರಲಿ, '2026-01 ನಡಾವಳಿ' ಎಂಬ ಹಾಗೆ. ಆಗ ತಾನಾಗಿ ಸಾಲಾಗಿ ನಿಲ್ಲುತ್ತವೆ. ಹೆಸರನ್ನು ಕನ್ನಡದಲ್ಲೇ ಇಡಬಹುದು. ನುಡಿಯಲ್ಲಿ ಟೈಪ್ ಮಾಡಿ ಕಲಿತವರಿಗೆ ಅದೇ ಕೀಲಿಗಳು ಲಿನಕ್ಸಿನಲ್ಲೂ ಸಿಗುತ್ತವೆ, ಕೀಲಿಮಣೆಯ ಪಟ್ಟಿಯಲ್ಲಿ 'ಕಗಪ' ಎಂದು ಆರಿಸಬೇಕು. ನುಡಿಯ ಹಳೆಯ ಫೈಲುಗಳು ಮಾತ್ರ ಇಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣಬಹುದು. ಫೈಲು ಕೆಟ್ಟಿಲ್ಲ, ಯೂನಿಕೋಡಿಗೆ ಬದಲಿಸಬೇಕು ಅಷ್ಟೆ. ಅಳಿಸಿಬಿಡಬೇಡಿ.

ಬ್ಯಾಂಕಿನ ಕೆಲಸಕ್ಕೆ ಕಾಂಕರರ್ ಬೇಡ ಎಂದು ನಾನು ಹೇಳುತ್ತೇನೆ. ಕೆಲವು ಸೈಟುಗಳು ಅದನ್ನು ಗುರುತಿಸುವುದಿಲ್ಲ, ಅರ್ಧಕ್ಕೆ ನಿಂತುಬಿಡುತ್ತವೆ. ಅದಕ್ಕೆ ಫೈರ್‌ಫಾಕ್ಸ್ ಬಳಸಿ. ಅದರ ಮೆನು ಕನ್ನಡದಲ್ಲಿಯೂ ಸಿಗುತ್ತದೆ. ಮನೆಗೆ ಒಂದು ಕಿಟಕಿ, ಪೇಟೆಗೆ ಇನ್ನೊಂದು ಕಿಟಕಿ ಎಂದು ರೂಢಿ ಮಾಡಿಕೊಂಡರೆ ಅರ್ಧ ಗಲಿಬಿಲಿ ಅಲ್ಲಿಗೇ ಮುಗಿಯಿತು.

ಇದೆಲ್ಲ ನಮ್ಮಂಥವರಿಗೆ ಆಗುವ ಕೆಲಸವಾ ಎಂದು ಒಬ್ಬರು ಕೇಳಿದರು. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ ಶುರುವಾದ ಪಾಠ ಅದು. 2017ರಿಂದ ಕೈಟ್ ಎಂಬ ಸಂಸ್ಥೆ ನಡೆಸುತ್ತಿದೆ, ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಶಾಲೆಯ ಮಕ್ಕಳು ಕಲಿಯುವುದನ್ನು ಬಡ್ಡಿ ಲೆಕ್ಕ ಬಾಯಲ್ಲೇ ಹೇಳುವ ನೀವು ಕಲಿಯಲಾರಿರಾ?

ಸುಂಕಸಾಳದ ಆ ಅಜ್ಜಿಯನ್ನು ಮೊನ್ನೆ ಮತ್ತೆ ಕಂಡೆ. ರಟ್ಟಿನ ಮೇಲಿನ ಮನೆ, ಬಸ್ಸು ಎರಡನ್ನೂ ನೋಡಿ, ಪರದೆಯ ಪಟ್ಟಿ ನೋಡಿ, "ಈಗ ನಾವು ಮನೆಲೇ ಇದ್ವೆ" ಎಂದರು. ಸರಿಯಾಗಿಯೇ ಹೇಳಿದ್ದರು. ಮುಂದಿನ ಒಕ್ಕೂಟದ ಸಭೆಗೆ ಪ್ರತಿ ಸಂಘದಿಂದ ಇಬ್ಬರು ಬನ್ನಿ. ಖಾಲಿ ಪೆನ್‌ಡ್ರೈವ್ ಒಂದು, ಈ ವರ್ಷದ ಲೆಕ್ಕದ ಪುಸ್ತಕ ಒಂದು ತನ್ನಿ. ಹಾಳೆಗಳ ಫೋಟೋ ತೆಗೆಯುವುದರಿಂದ ಹಿಡಿದು ಕಿಟಕಿ ಪಾಲು ಮಾಡಿ ನಕಲು ಇಡುವವರೆಗೆ ನೀವೇ ಮಾಡಿ ನೋಡುವಿರಂತೆ. ಎಳೆದು ಬಿಡುವ ಹೊತ್ತಿಗೆ ನಾನು ಮಾತನಾಡುವುದಿಲ್ಲ.